ಕೊನೆಯ ಕಲ್ಲನ್ನು ಬೇಕಂತಲೇ ಆಚೆ ಕಳಿಸಿದ್ದು ಯಾಕೆ?

ಪ್ರಶ್ನೆ: ಮಗಳ ಮನೆ ಕ್ಯಾಲ್ಗರಿಯಲ್ಲಿದೆ. ಚಳಿಗಾಲದಲ್ಲಿ ಹೋಗಿದ್ದಾಗ ಟಿವಿಯಲ್ಲಿ ಕೆನಡಾದ ಮಹಿಳೆಯರ ಕರ್ಲಿಂಗ್ ಚಾಂಪಿಯನ್‌ಶಿಪ್ ನೋಡಿದೆ. ನೋಡ್ತಾ ನೋಡ್ತಾ ಇಷ್ಟ ಆಯ್ತು, ಆದರೆ ಕೆಲವು ವಿಷಯ ತಲೆಗೆ ಹೋಗಲಿಲ್ಲ. ಒಬ್ಬ ಆಟಗಾರ್ತಿ ಸುಲಭವಾಗಿ ಸಿಗುತ್ತಿದ್ದ ಒಂದು ಅಂಕ ಬಿಟ್ಟು, ಕೊನೆಯ ಕಲ್ಲನ್ನು ಬೇಕಂತಲೇ ಆಚೆ ಕಳಿಸಿದರು. ಯಾಕೆ? ಕೆನಡಾದ ಒಳಗಿನ ಟೂರ್ನಿಯಲ್ಲಿ ‘ಕೆನಡಾ’ ಅಂತಲೇ ಒಂದು ತಂಡ ಇರುತ್ತದಲ್ಲ, ಅದು ಹೇಗೆ? ಕೆಲವು ತಂಡಗಳು ಹೆಚ್ಚುಕಡಿಮೆ ಎಲ್ಲ ಪಂದ್ಯ ಸೋಲುತ್ತವೆ. ಅವನ್ನು ಕರೆಯುವುದಾದರೂ ಯಾಕೆ? 11 ವರ್ಷದ ಮೊಮ್ಮಗಳು ಈಗ ಶಾಲೆಯವರ ಜೊತೆ ಕರ್ಲಿಂಗ್‌ಗೆ ಹೋಗುತ್ತಾಳೆ. ಅವಳು ಅಲ್ಲಿವರೆಗೆ ಹೋಗಬಹುದಾ?

ಉತ್ತರ: ನೀವು ನೋಡಿದ್ದು ಸ್ಕಾಟೀಸ್ ಟೂರ್ನಮೆಂಟ್ ಆಫ್ ಹಾರ್ಟ್ಸ್. ಅಲ್ಲಿ ಎಲ್ಲರೂ ಸುಮ್ನೆ ಸ್ಕಾಟೀಸ್ ಅಂತಾರೆ. ಮೊದಲು ಆ ಬಿಟ್ಟ ಕಲ್ಲಿನ ವಿಷಯ ಹೇಳುತ್ತೇನೆ. ಅದು ಗೊತ್ತಾದರೆ ಕರ್ಲಿಂಗ್ ಅರ್ಧ ಗೊತ್ತಾದ ಹಾಗೆ.

ಐಸ್ ಮೇಲೆ ಕಲ್ಲು ಜಾರಿಸಿ ಆಚೆ ತುದಿಯ ವೃತ್ತದೊಳಗೆ ನಿಲ್ಲಿಸುವ ಆಟ ಇದು. ಒಂದು ಪಂದ್ಯಕ್ಕೆ 10 ಎಂಡ್, ಅಂದರೆ 10 ಸುತ್ತು. ಪ್ರತಿ ಎಂಡ್‌ನಲ್ಲಿ ಎರಡೂ ತಂಡಗಳು ಎಂಟೆಂಟು ಕಲ್ಲು ಬಿಡುತ್ತವೆ, ಒಬ್ಬೊಬ್ಬರಿಗೆ ಎರಡು. ಎಲ್ಲ 16 ಕಲ್ಲು ಮುಗಿದ ಮೇಲೆ ಅಂಕ ಸಿಗುವುದು ಒಂದೇ ತಂಡಕ್ಕೆ. ದೊಡ್ಡ ವೃತ್ತದ ನಡುಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ. ಆ ವೃತ್ತದಲ್ಲಿ ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗೆ ನಿಮ್ಮದು ಎಷ್ಟು ಕಲ್ಲಿವೆಯೋ ಅಷ್ಟು ಅಂಕ. ಆ ವೃತ್ತಕ್ಕೆ ಹೌಸ್ ಅಂತಾರೆ, ನಡುಬಿಂದುವಿಗೆ ಬಟನ್.

ಕೊನೆಯ ಕಲ್ಲು ಬಿಡುವ ಹಕ್ಕಿಗೆ ಹ್ಯಾಮರ್ ಅಂತ ಹೆಸರು. ಅದು ಕೈಯಲ್ಲಿದ್ದರೆ ಆ ಎಂಡ್‌ನ ಕೊನೆ ಮಾತು ನಿಮ್ಮದೇ. ಆದರೆ ಅಂಕ ಗಳಿಸಿದ ತಂಡ ಮುಂದಿನ ಎಂಡ್‌ನಲ್ಲಿ ಹ್ಯಾಮರನ್ನು ಎದುರಾಳಿಗೆ ಕೊಡಬೇಕು. ಇಬ್ಬರಿಗೂ ಅಂಕ ಬರದಿದ್ದರೆ ಹ್ಯಾಮರ್ ಇದ್ದವರ ಕೈಯಲ್ಲೇ ಉಳಿಯುತ್ತದೆ. ಈಗ ಗೊತ್ತಾಯ್ತಲ್ವಾ? ನೀವು ನೋಡಿದ ಸ್ಕಿಪ್‌ಗೆ, ಅಂದರೆ ತಂಡದ ನಾಯಕಿಗೆ, ಆ ಕಲ್ಲಿನಿಂದ ಒಂದೇ ಅಂಕ ಸಿಗುತ್ತಿತ್ತು. ಆ ಒಂದಕ್ಕಾಗಿ ಹ್ಯಾಮರ್ ಕೊಟ್ಟರೆ ನಷ್ಟವೇ ಜಾಸ್ತಿ. ಹ್ಯಾಮರ್ ಇರುವಾಗ ಕನಿಷ್ಠ ಎರಡು ತೆಗೆಯಬೇಕು, ಇಲ್ಲದಿರುವಾಗ ಎದುರಾಳಿಯನ್ನು ಒಂದಕ್ಕೆ ಕಟ್ಟಿಹಾಕಬೇಕು. ಇಡೀ ಆಟದ ಲೆಕ್ಕ ಇದೇ. ಅದಕ್ಕೇ ಅವರು ಕಲ್ಲನ್ನು ಹೌಸ್ ದಾಟಿಸಿ ಕಳಿಸಿದರು. ಹೀಗೆ ಖಾಲಿ ಬಿಟ್ಟ ಎಂಡ್‌ಗೆ ಬ್ಲ್ಯಾಂಕ್ ಅಂತಾರೆ. ಕೊನೆಯ ಎಂಡ್ ಹತ್ತಿರ ಬಂದ ಹಾಗೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. 10ನೇ ಎಂಡ್‌ನಲ್ಲಿ ಹ್ಯಾಮರ್ ಯಾರಿಗೆ ಬರಬೇಕು ಅಂತ ಒಳ್ಳೆಯ ಸ್ಕಿಪ್‌ಗಳು ಏಳನೇ ಎಂಡ್‌ನಿಂದಲೇ ಎಣಿಸುತ್ತಿರುತ್ತಾರೆ.

ಕೊನೆಯ ಕಲ್ಲಿಗೆ ಎಷ್ಟು ಬೆಲೆ ಇದೆ ಅನ್ನುವುದಕ್ಕೆ 2005ರ ಫೈನಲ್ ನೋಡಿ. ಸೇಂಟ್ ಜಾನ್ಸ್ ನಗರದಲ್ಲಿ ನಡೆದದ್ದು. ಒಂದು ಕಡೆ ಒಂಟಾರಿಯೊದ ಜೆನ್ ಹ್ಯಾನಾ ತಂಡ, ಇನ್ನೊಂದು ಕಡೆ ಮ್ಯಾನಿಟೋಬಾದ ಜೆನ್ನಿಫರ್ ಜೋನ್ಸ್ ತಂಡ. ಕೊನೆಯ ಎಂಡ್‌ಗೆ ಬಂದಾಗ ಒಂಟಾರಿಯೊ 6-4 ಮುಂದೆ. ಜೋನ್ಸ್ ಕೈಯಲ್ಲಿ ಉಳಿದದ್ದು ಒಂದೇ ಕಲ್ಲು. ಗೆಲ್ಲುವ ಜಾಗದಲ್ಲಿ ಒಂಟಾರಿಯೊದ ಕಲ್ಲು ಕೂತಿತ್ತು, ಅದಕ್ಕೆ ನೇರ ದಾರಿ ಇರಲಿಲ್ಲ. ಜೋನ್ಸ್ ಬಿಟ್ಟ ಕಲ್ಲು ಹೌಸಿನ ಹೊರಗಿದ್ದ ಬೇರೊಂದು ಕಲ್ಲಿಗೆ ಬಡಿಯಿತು. ಅಲ್ಲಿಂದ ಓರೆಯಾಗಿ ಒಳಗೆ ನುಗ್ಗಿ, ನಡುವಿನ ಕಲ್ಲನ್ನು ಎತ್ತಿ ಹಾಕಿತು. ಒಂದೇ ಏಟಿಗೆ ನಾಲ್ಕು ಅಂಕ. 8-6. ಅದರ ವಿಡಿಯೊವನ್ನು ನಾನು ಈಗಲೂ ಆಗಾಗ ಹಾಕಿಕೊಂಡು ನೋಡುತ್ತೇನೆ. ಕಲ್ಲು ಕೈ ಬಿಟ್ಟ ಕ್ಷಣದಿಂದ ನಿಲ್ಲುವವರೆಗೆ ಬ್ರಷ್‌ನಿಂದ ಐಸ್ ಉಜ್ಜುವ ಇಬ್ಬರು ಸ್ವೀಪರ್‌ಗಳು ಪಕ್ಕದಲ್ಲೇ ಓಡುವುದನ್ನು ಗಮನಿಸಿ. ಆಟದ ಸೊಗಸು ಅಲ್ಲೂ ಅಷ್ಟೇ ಇದೆ.

ಸ್ವೀಪಿಂಗ್ ಬಗ್ಗೆ ನೀವು ಕೇಳಿಲ್ಲ. ಆದರೂ ಒಂದೆರಡು ಮಾತು ಹೇಳಿಬಿಡುತ್ತೇನೆ. ಆ ಐಸ್ ನಯವಾಗಿರುವುದಿಲ್ಲ. ಆಟಕ್ಕೆ ಮೊದಲು ಅದರ ಮೇಲೆ ನೀರಿನ ಸಣ್ಣ ಹನಿ ಚಿಮುಕಿಸಿ ಹೆಪ್ಪುಗಟ್ಟಿಸುತ್ತಾರೆ. ಆ ಉಬ್ಬುಗಳಿಗೆ ಪೆಬಲ್ ಅಂತಾರೆ. ಹೆಚ್ಚುಕಡಿಮೆ 20 ಕಿಲೋ ತೂಕದ ಗ್ರಾನೈಟ್ ಕಲ್ಲು ಆ ಉಬ್ಬುಗಳ ನೆತ್ತಿಯ ಮೇಲೆ ಜಾರುತ್ತದೆ. ಬ್ರಷ್‌ನಿಂದ ಉಜ್ಜಿದಾಗ ಐಸ್ ಸ್ವಲ್ಪ ಬಿಸಿಯಾಗಿ ಘರ್ಷಣೆ ಕಡಿಮೆಯಾಗುತ್ತದೆ. ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ತಿರುವು ಕಡಿಮೆಯಾಗುತ್ತದೆ. ಕಲ್ಲು ಯಾಕೆ ತಿರುಗುತ್ತದೆ ಅನ್ನುವುದು ಮಾತ್ರ ವಿಜ್ಞಾನಿಗಳಲ್ಲಿ ಇನ್ನೂ ಜಗಳದ ವಿಷಯ. ನಯವಾದ ಮೇಜಿನ ಮೇಲೆ ಬೋರಲು ಹಾಕಿದ ಲೋಟವನ್ನು ಬಲಕ್ಕೆ ತಿರುಗಿಸುತ್ತಾ ತಳ್ಳಿದರೆ ಅದು ಎಡಕ್ಕೆ ಬಾಗುತ್ತದೆ. ಕರ್ಲಿಂಗ್ ಕಲ್ಲು ಬಲಕ್ಕೇ ಬಾಗುತ್ತದೆ. ಕಲ್ಲಿನ ತಳ ಐಸ್ ಮೇಲೆ ಮಾಡುವ ಸಣ್ಣ ಗೀರುಗಳೇ ಇದಕ್ಕೆ ಕಾರಣ ಅಂತ ಸ್ವೀಡನ್‌ನ ಸಂಶೋಧಕರು ವಾದಿಸಿದ್ದಾರೆ. ಎಲ್ಲರೂ ಒಪ್ಪಿಲ್ಲ.

ಈಗ ‘ಕೆನಡಾ’ ತಂಡದ ವಿಷಯ. ನಮ್ಮ ರಣಜಿ ಟ್ರೋಫಿಯನ್ನು ಕರ್ನಾಟಕ ಗೆದ್ದಿತು ಅಂದುಕೊಳ್ಳಿ. ಮುಂದಿನ ವರ್ಷ ಅದೇ ಆಟಗಾರರು ‘ಭಾರತ’ ಅಂತ ಬರೆದ ಜರ್ಸಿ ಹಾಕಿಕೊಂಡು ನೇರವಾಗಿ ಟೂರ್ನಿಗೆ ಬರುತ್ತಾರೆ. ಕರ್ನಾಟಕ ತನ್ನ ಪರವಾಗಿ ಇನ್ನೊಂದು ತಂಡ ಕಳಿಸುತ್ತದೆ. ಸ್ಕಾಟೀಸ್‌ನಲ್ಲಿ ನಡೆಯುವುದು ಇದೇ. ಹಿಂದಿನ ವರ್ಷ ಗೆದ್ದವರು ಟೀಮ್ ಕೆನಡಾ ಆಗಿ ಮರಳುತ್ತಾರೆ. ಮಹಿಳೆಯರ ಟೂರ್ನಿಯಲ್ಲಿ ಈ ಪದ್ಧತಿ 1980ರ ದಶಕದಿಂದಲೇ ಇದೆ. ಪುರುಷರ ಟೂರ್ನಿಯಾದ ಬ್ರಯರ್‌ಗೆ ಇದು ಬಂದದ್ದು 2015ರಲ್ಲಿ. ಮಹಿಳೆಯರು ಶುರು ಮಾಡಿದ್ದನ್ನು ಪುರುಷರು ತಡವಾಗಿ ಎತ್ತಿಕೊಂಡರು.

ಇದರಿಂದ ಒಳ್ಳೆಯದೇ ಆಗಿದೆ ಅಂತ ನನ್ನ ಅಭಿಪ್ರಾಯ. ಗೆದ್ದ ತಂಡಕ್ಕೆ ಮುಂದಿನ ವರ್ಷದ ಜಾಗ ಖಚಿತ. ನಾಲ್ವರೂ ಒಟ್ಟಿಗೆ ಉಳಿಯಲು ಅದೊಂದು ಕಾರಣ. ಆ ಪ್ರಾಂತ್ಯದ ಇನ್ನೊಂದು ತಂಡಕ್ಕೂ ಬಾಗಿಲು ತೆರೆಯುತ್ತದೆ. ನೋವಾ ಸ್ಕೋಶಿಯಾದ ಕಾಲೀನ್ ಜೋನ್ಸ್ 2001ರಿಂದ 2004ರವರೆಗೆ ಸತತ ನಾಲ್ಕು ಸಲ ಗೆದ್ದರು. ಮ್ಯಾನಿಟೋಬಾದ ಕೆರಿ ಐನಾರ್ಸನ್ 2020ರಿಂದ 2023ರವರೆಗೆ ಅದನ್ನೇ ಮಾಡಿದರು. ಇಬ್ಬರೂ ಮೊದಲನೆಯದನ್ನು ಪ್ರಾಂತ್ಯದ ಹೆಸರಲ್ಲಿ ಗೆದ್ದು, ಉಳಿದ ಮೂರನ್ನು ಟೀಮ್ ಕೆನಡಾ ಆಗಿ ಗೆದ್ದರು.

ಸೋಲುವ ತಂಡಗಳನ್ನು ಯಾಕೆ ಕರೆಯುತ್ತಾರೆ ಅಂದಿರಿ. ಇದೇ ನಿಮ್ಮ ಮುಖ್ಯ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಕೆನಡಾದಲ್ಲೂ ಪ್ರತಿ ಫೆಬ್ರವರಿಯಲ್ಲಿ ಇದೇ ಚರ್ಚೆ.

ಮೊದಲು ಲೆಕ್ಕ ನೋಡೋಣ. ಈಗ 18 ತಂಡಗಳು. 10 ಪ್ರಾಂತ್ಯ, ಯೂಕಾನ್, ನುನಾವುಟ್ ಥರದ ಉತ್ತರದ ಮೂರು ಟೆರಿಟರಿ (ನಮ್ಮ ಕೇಂದ್ರಾಡಳಿತ ಪ್ರದೇಶಗಳ ಹಾಗೆ), ಜೊತೆಗೆ ಉತ್ತರ ಒಂಟಾರಿಯೊಗೆ ಬೇರೆಯೇ ಜಾಗ. ಅಲ್ಲಿಗೆ 14. ಟೀಮ್ ಕೆನಡಾ ಸೇರಿ 15. ಉಳಿದ ಮೂರು ರ‍್ಯಾಂಕಿಂಗ್ ಮೇಲೆ. ಒಂಬತ್ತೊಂಬತ್ತರ ಎರಡು ಗುಂಪು ಮಾಡುತ್ತಾರೆ. ಪ್ರತಿ ತಂಡಕ್ಕೆ ಎಂಟು ಲೀಗ್ ಪಂದ್ಯ. ಕೊನೆಗೆ ಉಳಿದ ನಾಲ್ಕು ತಂಡಗಳಿಗೆ ಪೇಜ್ ಪ್ಲೇಆಫ್. ಐಪಿಎಲ್‌ನಲ್ಲಿ ಕ್ವಾಲಿಫೈಯರ್, ಎಲಿಮಿನೇಟರ್ ಅಂತ ನಡೆಯುವುದೂ ಇದೇ ಪದ್ಧತಿ. ಹಾಗಾಗಿ ಆರ್‌ಸಿಬಿ ನೋಡುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

2021ರ ಜನಗಣತಿ ಪ್ರಕಾರ ಒಂಟಾರಿಯೊದಲ್ಲಿ 1 ಕೋಟಿ 42 ಲಕ್ಷ ಜನ. ನುನಾವುಟ್‌ನಲ್ಲಿ ಸುಮಾರು 37 ಸಾವಿರ. ನಮ್ಮ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು ಜನ, ಆರ್ಕ್ಟಿಕ್‌ವರೆಗೆ ಹಬ್ಬಿದ ನೆಲದಲ್ಲಿ ಚದುರಿಕೊಂಡಿದ್ದಾರೆ. ಊರಿಂದ ಊರಿಗೆ ರಸ್ತೆ ಇಲ್ಲ, ವಿಮಾನವೇ ಗತಿ. ಅಲ್ಲಿಂದ ಬರುವ ತಂಡ ರೇಚಲ್ ಹೋಮನ್ ತಂಡದ ಎದುರು ನಿಂತರೆ ಫಲಿತಾಂಶ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹೋಮನ್ 2024ರಲ್ಲೂ 2025ರಲ್ಲೂ ಒಂದೂ ಪಂದ್ಯ ಸೋಲದೆ ಸ್ಕಾಟೀಸ್ ಗೆದ್ದವರು. ಎರಡೂ ವರ್ಷ ವಿಶ್ವ ಚಾಂಪಿಯನ್ ಕೂಡ ಆದರು.

ಆದ್ದರಿಂದ ಕೆಲವರು ಹೇಳುತ್ತಾರೆ: ರ‍್ಯಾಂಕಿಂಗ್‌ನ ಮೊದಲ ಎಂಟೋ ಹತ್ತೋ ತಂಡಗಳನ್ನು ಮಾತ್ರ ಆಡಿಸಿ, ಆಟದ ಮಟ್ಟ ಏರುತ್ತದೆ, ಟಿವಿಗೂ ಚೆಂದ. ಅವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಸ್ಕಾಟೀಸ್ ಗೆದ್ದವರೇ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕೆನಡಾ ಪರ ಆಡುವುದು. ಅಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ದಕ್ಷಿಣ ಕೊರಿಯಾ ಕಾದಿರುತ್ತವೆ. ಅಂಥವರನ್ನು ಎದುರಿಸುವ ತಂಡ ತಯಾರಾಗಬೇಕಾದರೆ ಗಟ್ಟಿ ಪಂದ್ಯಗಳೇ ಬೇಕು.

ನಾನು ಈ ವಾದದ ಇನ್ನೊಂದು ಕಡೆ ನಿಲ್ಲುತ್ತೇನೆ. ಅಗ್ರ ತಂಡಗಳು ಮಾತ್ರ ಸೇರುವ ಟೂರ್ನಿಗಳು ಇಡೀ ಚಳಿಗಾಲ ನಡೆಯುತ್ತಲೇ ಇರುತ್ತವೆ. ಹಣವೂ ಅಲ್ಲೇ ಜಾಸ್ತಿ. ಒಲಿಂಪಿಕ್ಸ್ ತಂಡ ಆರಿಸಲು ಬೇರೆಯೇ ಟ್ರಯಲ್ಸ್ ಇದೆ. ಸ್ಕಾಟೀಸ್ ಇರುವುದು ದೇಶದ ಮೂಲೆ ಮೂಲೆಯಿಂದ ಒಬ್ಬೊಬ್ಬರು ಬರಲಿ ಅಂತ. ಯೂಕಾನ್‌ನ ಒಬ್ಬ ಹುಡುಗಿ ತನ್ನ ಊರಿನ ಎರಡು ಐಸ್ ಅಂಕಣಗಳ ಕ್ಲಬ್ಬಿನಲ್ಲಿ ಕಲಿತು, ಅಲ್ಲಿ ಗೆದ್ದು, ಬೆನ್ನ ಮೇಲೆ ‘ಯೂಕಾನ್’ ಅಂತ ಬರೆಸಿಕೊಂಡು ವಿಶ್ವ ಚಾಂಪಿಯನ್ ಎದುರು ಕಲ್ಲು ಬಿಡಬಹುದು. ಈ ದಾರಿ ಮುಚ್ಚಿದರೆ ಆ ಕ್ಲಬ್ಬಿಗೆ ಮಕ್ಕಳು ಬರುವುದು ಕಡಿಮೆಯಾಗುತ್ತದೆ. ಕ್ಲಬ್ಬುಗಳು ಮುಚ್ಚಿದರೆ ಮುಂದಿನ ಹೋಮನ್ ಎಲ್ಲಿಂದ ಬರಬೇಕು? ದೊಡ್ಡ ಊರುಗಳ ಅಕಾಡೆಮಿಗಳನ್ನಷ್ಟೇ ನಂಬಿ ಒಂದು ದೇಶದ ಆಟ ಉಳಿಯುವುದಿಲ್ಲ.

ಇನ್ನೊಂದು ವಿಷಯ ಇದೆ. ಚಿಕ್ಕ ಪ್ರಾಂತ್ಯಗಳು ಯಾವಾಗಲೂ ಸೋಲುತ್ತವೆ ಅನ್ನುವುದೂ ಪೂರ್ತಿ ನಿಜವಲ್ಲ. 1963ರಲ್ಲಿ ನ್ಯೂ ಬ್ರನ್ಸ್‌ವಿಕ್ ಗೆದ್ದಿತು. ಆಗ ಸ್ಕಿಪ್ ಆಗಿದ್ದವರು ಮೇಬಲ್ ಡಿವೇರ್. ಅವರು ಆಮೇಲೆ ರಾಜಕೀಯಕ್ಕೆ ಬಂದು ಪ್ರಾಂತ್ಯದಲ್ಲಿ ಮಂತ್ರಿಯಾದರು, 1990ರಲ್ಲಿ ಕೆನಡಾದ ಸೆನೆಟ್ ಸೇರಿದರು. ಆರು ಸಲ ಗೆದ್ದ ಕಾಲೀನ್ ಜೋನ್ಸ್ ಕೂಡ ನೋವಾ ಸ್ಕೋಶಿಯಾದವರು. ಅದೂ ದೊಡ್ಡ ಪ್ರಾಂತ್ಯವೇನಲ್ಲ.

1963 ಅಂದೆ. ಅದಕ್ಕೂ ಹಿಂದೆ ಏನಿತ್ತು ಅಂತ ಹೇಳಿಬಿಡುತ್ತೇನೆ. ಪುರುಷರ ಬ್ರಯರ್ ಶುರುವಾದದ್ದು 1927ರಲ್ಲಿ. ಎಲ್ಲ ಪ್ರಾಂತ್ಯಗಳ ಮಹಿಳೆಯರು ಸೇರಿ ಆಡುವ ಟೂರ್ನಿ ಬರಲು 1961 ಆಯಿತು. 34 ವರ್ಷ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಹೆಂಗಸರು ಕ್ಲಬ್ಬುಗಳಲ್ಲಿ ದಶಕಗಳಿಂದ ಆಡುತ್ತಿದ್ದರು. ಆಟ ಇತ್ತು, ವೇದಿಕೆ ಇರಲಿಲ್ಲ. ಮೊದಲ ಟೂರ್ನಿ ಆಟವಾದಲ್ಲಿ ನಡೆಯಿತು, ಡೊಮಿನಿಯನ್ ಎಂಬ ಅಂಗಡಿ ಸರಣಿ ಪ್ರಾಯೋಜಕರು. ಸಸ್ಕ್ಯಾಚುವಾನ್‌ನ ಜಾಯ್ಸ್ ಮೆಕೀ ತಂಡ ಗೆದ್ದಿತು. 1972ರಿಂದ 1979ರವರೆಗೆ ಒಂದು ತಂಬಾಕು ಕಂಪನಿ ನೆರವಾಯಿತು. ಅದು ಕೈಬಿಟ್ಟ ಮೇಲೆ ಎರಡು ವರ್ಷ ದೊಡ್ಡ ಪ್ರಾಯೋಜಕರೇ ಇರಲಿಲ್ಲ.

ಆಗ ಬಂದದ್ದು ಸ್ಕಾಟ್ ಪೇಪರ್, ಟಿಶ್ಯೂ ಪೇಪರ್ ಮಾಡುವ ಕಂಪನಿ. ಅಲ್ಲೇ ಕೆಲಸ ಮಾಡುತ್ತಿದ್ದ ರಾಬಿನ್ ವಿಲ್ಸನ್ ಸ್ವತಃ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ತಂಡದಲ್ಲಿ ಆಡಿದವರು. ಆಡಿದವರೇ ಟೂರ್ನಿ ರೂಪಿಸಿದರೆ ಏನಾಗುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ. ಬರುವ ಪ್ರತಿ ಆಟಗಾರ್ತಿಗೂ ನಾಲ್ಕು ಹೃದಯಗಳ ಚಿನ್ನದ ಲಾಕೆಟ್ ಕೊಡುವ ಪದ್ಧತಿ ಬಂತು. ಗೆದ್ದವರಿಗಷ್ಟೇ ಅಲ್ಲ, ಬಂದ ಎಲ್ಲರಿಗೂ. ಆ ಕಂಪನಿಯ ಹೆಸರು ಆಮೇಲೆ ಕ್ರೂಗರ್ ಅಂತ ಬದಲಾಯಿತು. ಆದರೆ 1982ರಿಂದ ಈವರೆಗೆ ಪ್ರಾಯೋಜಕತ್ವ ಬಿಟ್ಟಿಲ್ಲ. ಮಹಿಳೆಯರ ಕ್ರೀಡೆಗೆ ಹಣ ಹಾಕಲು ಇವತ್ತಿಗೂ ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಹಾಗಾಗಿ ನಾಲ್ಕು ದಶಕ ದಾಟಿದ ಈ ನಂಟಿನ ಬಗ್ಗೆ ನನಗೆ ತುಂಬ ಗೌರವ ಇದೆ.

1982ರ ಆ ಮೊದಲ ಸ್ಕಾಟೀಸ್ ರಿಜೈನಾದಲ್ಲಿ ನಡೆಯಿತು. ಗೆದ್ದವರು 22 ವರ್ಷದ ಕಾಲೀನ್ ಜೋನ್ಸ್. ಮುಂದಿನ ಗೆಲುವಿಗೆ ಅವರು 1999ರವರೆಗೆ ಕಾದರು. ನಡುವೆ ಟಿವಿ ಪತ್ರಕರ್ತೆಯಾಗಿ ದುಡಿದರು, ಮಕ್ಕಳನ್ನು ಬೆಳೆಸಿದರು, ಆಡುವುದನ್ನು ಬಿಡಲಿಲ್ಲ. ಜೆನ್ನಿಫರ್ ಜೋನ್ಸ್ ವೃತ್ತಿಯಲ್ಲಿ ವಕೀಲೆ. ಅವರದ್ದೂ ಆರು ಸ್ಕಾಟೀಸ್, ಜೊತೆಗೆ 2014ರ ಸೋಚಿ ಒಲಿಂಪಿಕ್ಸ್ ಚಿನ್ನ, ಅದೂ ಒಂದೂ ಪಂದ್ಯ ಸೋಲದೆ. ಅವರ ಕೊನೆಯ ಸ್ಕಾಟೀಸ್ ನಡೆದದ್ದು ನಿಮ್ಮ ಮಗಳ ಊರಿನಲ್ಲೇ, 2024ರಲ್ಲಿ. ಫೈನಲ್‌ನಲ್ಲಿ ಹೋಮನ್‌ಗೆ 5-4ರಿಂದ ಸೋತರು.

ಆದರೆ ಸ್ಕಾಟೀಸ್ ಅಂದರೆ ನನಗೆ ಮೊದಲು ನೆನಪಾಗುವ ಹೆಸರು ಸ್ಯಾಂಡ್ರಾ ಶ್ಮರ್ಲರ್. ಸಸ್ಕ್ಯಾಚುವಾನ್‌ನ ಬಿಗ್ಗರ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದವರು. ರಿಜೈನಾದ ಒಂದು ನಗರ ಕ್ರೀಡಾ ಕೇಂದ್ರದಲ್ಲಿ ಕೆಲಸ. ಜಾನ್ ಬೆಟ್ಕರ್, ಜೋನ್ ಮೆಕಸ್ಕರ್, ಮಾರ್ಸಿಯಾ ಗುಡರೈಟ್ ಜೊತೆ 1993, 1994, 1997ರಲ್ಲಿ ಸ್ಕಾಟೀಸ್ ಗೆದ್ದರು. ಆ ಮೂರೂ ವರ್ಷ ವಿಶ್ವ ಚಾಂಪಿಯನ್. 1997ರ ಸೆಪ್ಟೆಂಬರ್‌ನಲ್ಲಿ ಮಗಳು ಹುಟ್ಟಿದಳು. ನವೆಂಬರ್‌ನಲ್ಲಿ ಒಲಿಂಪಿಕ್ಸ್ ಟ್ರಯಲ್ಸ್ ಗೆದ್ದರು. 1998ರ ಫೆಬ್ರವರಿಯಲ್ಲಿ ಜಪಾನಿನ ನಗಾನೊದಲ್ಲಿ ಚಿನ್ನ. ಮಹಿಳೆಯರ ಕರ್ಲಿಂಗ್‌ಗೆ ಒಲಿಂಪಿಕ್ಸ್ ಪದಕ ಇಟ್ಟದ್ದೇ ಆಗ ಮೊದಲು. ಎರಡು ವರ್ಷ ಕಳೆದು, 2000ದ ಮಾರ್ಚ್ 2ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. 36 ವರ್ಷ. ಎರಡು ಪುಟ್ಟ ಹೆಣ್ಣುಮಕ್ಕಳು. ಅವರ ಅಂತ್ಯಕ್ರಿಯೆಯನ್ನು ಕೆನಡಾದ ಟಿವಿ ವಾಹಿನಿಗಳು ನೇರ ಪ್ರಸಾರ ಮಾಡಿದವು. ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಈಗ ಅವರದೇ ಹೆಸರು. ಸ್ಕಾಟೀಸ್ ಪ್ಲೇಆಫ್‌ನ ಅತ್ಯುತ್ತಮ ಆಟಗಾರ್ತಿಗೆ ಕೊಡುವ ಪ್ರಶಸ್ತಿಗೂ ಅವರ ಹೆಸರೇ. ನೀವು ಟಿವಿಯಲ್ಲಿ ಶ್ಮರ್ಲರ್ ಫೌಂಡೇಶನ್‌ಗೆ ದೇಣಿಗೆ ಕೇಳುವುದನ್ನೂ ನೋಡಿರಬಹುದು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ, ಕಾಯಿಲೆ ಬಿದ್ದ ಹಸುಗೂಸುಗಳಿಗೆ ಬೇಕಾದ ಯಂತ್ರಗಳನ್ನು ಆಸ್ಪತ್ರೆಗಳಿಗೆ ಕೊಡಿಸಲು ಆ ಹಣ ಹೋಗುತ್ತದೆ.

ತಾಯ್ತನದ ವಿಷಯ ಈ ಟೂರ್ನಿಯಲ್ಲಿ ಮತ್ತೆ ಮತ್ತೆ ಬರುತ್ತದೆ. 2021ರ ಸ್ಕಾಟೀಸ್ ಕೋವಿಡ್ ಕಾರಣದಿಂದ ಕ್ಯಾಲ್ಗರಿಯಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ಆಗ ಹೋಮನ್ ಎಂಟು ತಿಂಗಳ ಗರ್ಭಿಣಿ. ಕಲ್ಲು ಬಿಡುವಾಗ ಎಷ್ಟು ಕೆಳಗೆ ಬಾಗಬೇಕು ಅಂತ ನೀವೇ ನೋಡಿದ್ದೀರಿ. ಅವರು ಫೈನಲ್‌ವರೆಗೆ ಆಡಿದರು, ಐನಾರ್ಸನ್ ತಂಡಕ್ಕೆ ಸೋತರು. ಬಸುರಿ ಅಂದರೆ ಮನೆಯಲ್ಲಿ ಕೂರಬೇಕು ಅನ್ನುವವರಿಗೆ ಆ ಪಂದ್ಯ ತೋರಿಸಬೇಕು.

ಇನ್ನು ನಿಮ್ಮ ಮೊಮ್ಮಗಳು. ಹೋಗಬಹುದು, ಖಂಡಿತ. 11 ವರ್ಷ ಅಂದರೆ ತಡವಲ್ಲ. ಅಲ್ಲಿನ ಕ್ಲಬ್ಬುಗಳಲ್ಲಿ ಮಕ್ಕಳಿಗೆ ಲಿಟಲ್ ರಾಕ್ಸ್ ಅಂತ ಕಾರ್ಯಕ್ರಮ ಇರುತ್ತದೆ. ಹಗುರವಾದ ಕಲ್ಲು ಕೊಟ್ಟು ಕಲಿಸುತ್ತಾರೆ. ಆಮೇಲೆ ಜೂನಿಯರ್ ತಂಡ, ಕ್ಲಬ್ ಲೀಗ್, ಪ್ರಾಂತ್ಯದ ಟೂರ್ನಿ. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದಲ್ಲಿ ಪೈಪೋಟಿ ಗಟ್ಟಿ, ಅದನ್ನು ಮುಚ್ಚಿಡುವುದಿಲ್ಲ. ಹೆದರನ್ ನೆಡೊಹಿನ್, ಚೆಲ್ಸೀ ಕ್ಯಾರಿ ಥರದವರು ಆಲ್ಬರ್ಟಾ ಹೆಸರಲ್ಲಿ ಸ್ಕಾಟೀಸ್ ಗೆದ್ದಿದ್ದಾರೆ. ಆ ಪ್ರಾಂತ್ಯ ದಾಟುವುದೇ ಒಂದು ಸಾಹಸ.

ಸದ್ಯಕ್ಕೆ ಅವಳು ನಾಲ್ಕೂ ಜಾಗದಲ್ಲಿ ಆಡಲಿ. ಮೊದಲ ಎರಡು ಕಲ್ಲು ಬಿಡುವ ಲೀಡ್‌ಗೆ ಸ್ವೀಪಿಂಗ್ ಕೆಲಸ ಜಾಸ್ತಿ, ಹಾಗಾಗಿ ಕಲ್ಲಿನ ವೇಗ ಅಳೆಯುವುದು ಬೇಗ ಬರುತ್ತದೆ. ಐನಾರ್ಸನ್ ತಂಡ 2018ರಲ್ಲಿ ಕಟ್ಟಿದಾಗ ನಾಲ್ವರೂ ಹಿಂದೆ ಬೇರೆ ಬೇರೆ ತಂಡಗಳಿಗೆ ಸ್ಕಿಪ್ ಆಗಿದ್ದವರೇ. ಮೂವರು ತಮ್ಮ ಜಾಗ ಬಿಟ್ಟು ಬೇರೆ ಜಾಗ ಕಲಿತರು. ಮೊಮ್ಮಗಳಿಗೆ ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಕೊಡುತ್ತಾರೆ. ಬ್ರಷ್ ಅಥವಾ ಕಾಲು ಓಡುತ್ತಿರುವ ಕಲ್ಲಿಗೆ ತಗುಲಿದರೆ ತಪ್ಪು ಮಾಡಿದವರೇ ಬಾಯಿಬಿಟ್ಟು ಹೇಳಬೇಕು. ಯಾರೂ ನೋಡಿಲ್ಲ ಅಂತ ಸುಮ್ಮನಿರುವ ಹಾಗಿಲ್ಲ. ಸ್ಕಾಟೀಸ್ ಫೈನಲ್‌ನಲ್ಲೂ ಇದೇ ರೂಢಿ.

ಮುಂದಿನ ಸಲ ಹೋದಾಗ ಅವಳ ಜೊತೆ ನೀವೂ ಕ್ಲಬ್ಬಿಗೆ ಹೋಗಿ. ಮಂಡಿ ಬಗ್ಗಿಸಲು ಆಗದವರಿಗಾಗಿ ಡೆಲಿವರಿ ಸ್ಟಿಕ್ ಅಂತ ಉದ್ದನೆ ಕೋಲು ಇದೆ. ಅದನ್ನು ಕಲ್ಲಿನ ಹಿಡಿಗೆ ಸಿಕ್ಕಿಸಿ, ನಿಂತುಕೊಂಡೇ ನಡೆಯುತ್ತಾ ತಳ್ಳಬಹುದು. ವಯಸ್ಸಾದವರು ಎಷ್ಟೋ ಜನ ಹಾಗೇ ಆಡುತ್ತಾರೆ, ಅದಕ್ಕೇ ಬೇರೆ ಲೀಗ್‌ಗಳೂ ಇವೆ. ಹಲವು ಕ್ಲಬ್ಬುಗಳಲ್ಲಿ ಚಳಿಗಾಲದ ಶುರುವಿನಲ್ಲಿ ಹೊಸಬರಿಗೆ ಒಂದು ದಿನದ ತರಗತಿ ಇಡುತ್ತಾರೆ. ಬ್ರಷ್ ಅವರೇ ಕೊಡುತ್ತಾರೆ. ನೀವು ಬೆಚ್ಚನೆ ಬಟ್ಟೆ ಹಾಕಿಕೊಂಡು, ಶುಭ್ರವಾಗಿ ಒರೆಸಿದ ರಬ್ಬರ್ ತಳದ ಬೂಟು ತಗೊಂಡು ಹೋದರೆ ಸಾಕು. ಬೂಟಿನಲ್ಲಿ ಮಣ್ಣಿನ ಕಣ ಇದ್ದರೆ ಐಸ್ ಹಾಳಾಗುತ್ತದೆ, ಅದೊಂದು ನೋಡಿಕೊಳ್ಳಿ.